ರೋಗಿಗೂ ಮನೆಗೂ ಸಂದ ವೈದ್ಯರು ನಿಜಕ್ಕೂ ಇರ್ತಾರಾ? (ಆಸ್ಲರ್ ಬಗ್ಗೆ ಓದಿದ ಮೇಲೆ)

ಓದುಹುಳ
ಯಾವ ಹಿರಿಯ ಡಾಕ್ಟರ್ ತೀರಿಕೊಂಡರೂ ಶ್ರದ್ಧಾಂಜಲಿಯಲ್ಲಿ ಒಂದು ಸಾಲು ತಪ್ಪಲ್ಲ. ರೋಗಿಗಳಿಗಾಗಿ ಹಗಲಿರುಳು ದುಡಿದರು, ಮನೆಯವರನ್ನೂ ಅಷ್ಟೇ ಅಕ್ಕರೆಯಿಂದ ನೋಡಿಕೊಂಡರು. ಹಗಲೂ ಇರುಳೂ ಆಸ್ಪತ್ರೆಗೇ ಹೋದ ಮೇಲೆ ಮನೆಗೆ ಉಳಿದದ್ದು ಯಾವ ಹೊತ್ತು ಅಂತ ಯಾರೂ ಕೇಳಲ್ಲ. ನನಗಂತೂ ಈ ಸಾಲಿನ ಮೇಲೆ ಮೊದಲಿಂದಲೂ ಗುಮಾನಿ.

ಈಗ ಸರ್ ವಿಲಿಯಂ ಆಸ್ಲರ್ ಬಗ್ಗೆ ಓದ್ತಾ ಇದ್ದೀನಿ. ಗೊತ್ತಿಲ್ಲದವರಿಗೆ: 1849ರಲ್ಲಿ ಕೆನಡಾದ ಬಾಂಡ್ ಹೆಡ್ ಅನ್ನೋ ಊರಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದವರು. ತಾನೂ ಪಾದ್ರಿಯಾಗಬೇಕು ಅಂತ ಹೊರಟು ದಾರಿ ಬದಲಿಸಿ, ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 1872ಕ್ಕೆ ಡಾಕ್ಟರ್ ಆದರು. ಆಮೇಲೆ ಫಿಲಡೆಲ್ಫಿಯಾ, 1889ರಿಂದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ, 1905ರಿಂದ ಆಕ್ಸ್‌ಫರ್ಡ್. ವಿದ್ಯಾರ್ಥಿಗಳನ್ನ ಲೆಕ್ಚರ್ ಹಾಲ್‌ನಿಂದ ಎಬ್ಬಿಸಿ ವಾರ್ಡಿಗೆ ಕರೆದುಕೊಂಡು ಹೋಗಿ ರೋಗಿಯ ಮಂಚದ ಪಕ್ಕ ನಿಲ್ಲಿಸಿದ ಪುಣ್ಯಾತ್ಮ. 1892ರಲ್ಲಿ ಅವರು ತಂದ ಪಠ್ಯಪುಸ್ತಕ ದಶಕಗಟ್ಟಲೆ ಡಾಕ್ಟರುಗಳ ಮೇಜಿನ ಮೇಲಿತ್ತು. ಇಷ್ಟೆಲ್ಲ ಮಾಡಿದ ಮನುಷ್ಯ ಮನೆಯಲ್ಲಿ ಹೇಗಿದ್ದರು ಅಂತ ನೋಡಿದರೆ ಅಲ್ಲೂ ನೂರಕ್ಕೆ ನೂರು ಅಂಕ. ಹೆಂಡತಿ ಗ್ರೇಸ್ ಜೊತೆ ಸೊಗಸಾದ ಸಂಸಾರ, ಮಗ ರೆವಿಯರ್ ಅಂದರೆ ಜೀವ.

ಇದು ನಿಜಾನಾ, ಇಲ್ಲಾ ಜೀವನಚರಿತ್ರೆ ಬರೆದವರ ಪಾಲಿಶಾ? ಇಲ್ಲಿ ಡಾಕ್ಟರುಗಳೂ ಇದ್ದೀರಿ, ಡಾಕ್ಟರ್ ಮನೆಯವರೂ ಇದ್ದೀರಿ. ಹೇಳಿ.

ಬಿಳಿಕೋಟಿನ ಮಗಳು
ಅಪ್ಪ ಡಾಕ್ಟರ್. ಉತ್ತರ: ಇರಲ್ಲ.

ತಲೆಹರಟೆ
ಚರ್ಚೆ ಮುಗೀತು, ಎಲ್ಲರೂ ಎದ್ದು ಹೊರಡಿ.

ನಿವೃತ್ತ ವೈದ್ಯ
ಅಷ್ಟು ಬೇಗ ತೀರ್ಪು ಕೊಡಬೇಡಮ್ಮ. ಆಸ್ಲರ್ ಹೆಸರು ಹೇಳಿಕೊಂಡೇ ನಾವೆಲ್ಲ ಮೆಡಿಕಲ್ ಕಾಲೇಜು ದಾಟಿದವರು. ಬೆರಳ ತುದಿಯಲ್ಲಿ ನೋವಿನ ಗಂಟು ಕಂಡರೆ 'ಆಸ್ಲರ್ಸ್ ನೋಡ್', ಹೃದಯದ ಒಳಪೊರೆಗೆ ಸೋಂಕಿರಬಹುದು ಅಂತ ಕಿವಿ ನೆಟ್ಟಗಾಗಬೇಕು. ಆ ಮನುಷ್ಯನ ನಿಷ್ಠೆ ಎಂಥದ್ದು ಅಂದರೆ, ಮಾಂಟ್ರಿಯಲ್‌ನಲ್ಲಿ ಹುಡುಗನಾಗಿದ್ದಾಗ ಸಿಡುಬಿನ ವಾರ್ಡಿನ ಕೆಲಸ ಒಪ್ಪಿಕೊಂಡರು. ಸಿಡುಬು ತಗಲಿಸಿಕೊಂಡೂ ಬಿಟ್ಟರು. ಆ ವಾರ್ಡಿನಿಂದ ಬಂದ ಸಂಬಳದಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಮೈಕ್ರೋಸ್ಕೋಪ್ ಕೊಂಡರು. ಇಂಥವರು ಮನೆಯಲ್ಲಿ ಕಲ್ಲಾಗಿರ್ತಾರೆ ಅಂತ ಯಾಕೆ ಅಂದುಕೊಳ್ಳಬೇಕು? ಕರುಣೆಗೆ ಆಸ್ಪತ್ರೆಯದು ಬೇರೆ, ಮನೆಯದು ಬೇರೆ ಅಂತ ಎರಡು ಖಾತೆ ಇರಲ್ಲ.

ಬಿಳಿಕೋಟಿನ ಮಗಳು
ಇರುತ್ತೆ ಸಾರ್. ಅದೇ ಹೇಳ್ತಿರೋದು. ಬಂದವರ ಹತ್ತಿರ ಅರ್ಧ ಗಂಟೆ ಕೂತು ಕತೆ ಕೇಳ್ತಿದ್ದ ಅಪ್ಪ, ನನಗೆ ಜ್ವರ ಬಂದರೆ ಬಾಗಿಲಲ್ಲೇ ನಿಂತು "ಏನೂ ಆಗಲ್ಲ, ನೀರು ಕುಡಿ, ಮಲಗು" ಅಂತಿದ್ದರು. ಡಾಕ್ಟರ್ ಮಕ್ಕಳನ್ನ ಯಾರನ್ನ ಬೇಕಾದರೂ ಕೇಳಿ, ನಮ್ಮೆಲ್ಲರ ಬಾಲ್ಯಕ್ಕೂ ಇದೊಂದೇ ಪ್ರಿಸ್ಕ್ರಿಪ್ಷನ್. ನನ್ನ ತಮ್ಮನ ಕೈ ಮುರಿದಿದ್ದು ಗೊತ್ತಾಗಿದ್ದು ಎರಡು ದಿನ ಬಿಟ್ಟು, ಅದೂ ಸ್ಕೂಲಿನ ಪಿ.ಟಿ. ಮೇಷ್ಟ್ರು ಹೇಳಿದ ಮೇಲೆ.

ಅಪ್ಪ ಕೆಟ್ಟವರಲ್ಲ. ಅವರ ರೋಗಿಗಳು ಇವತ್ತಿಗೂ ನನ್ನ ಕೈ ಹಿಡಿದು ಕಣ್ಣೀರು ಹಾಕ್ತಾರೆ. ಆಗ ನಾನೂ ತಲೆಯಾಡಿಸ್ತೀನಿ. ಒಳಗೊಳಗೇ ಅನ್ನಿಸುತ್ತೆ, ಇವರು ಹೇಳ್ತಿರೋ ಮನುಷ್ಯನ ಪರಿಚಯ ನನಗೆ ಅಷ್ಟಾಗಿ ಇಲ್ಲವಲ್ಲ ಅಂತ.

ಕಡಲಮಗ
ಕೈ ಮುರಿದದ್ದು ಎರಡು ದಿನ ಗೊತ್ತಾಗಲಿಲ್ಲವಾ ಮಾರಾಯ್ರೆ! ನಮ್ಮ ಚಿಕ್ಕಪ್ಪನೂ ಡಾಕ್ಟ್ರೇ, ಅವರ ಮನೆಯಲ್ಲೂ ಇದೇ ಕತೆ. ಮಗನ ಹೊಟ್ಟೆನೋವಿಗೆ "ಶಾಲೆ ತಪ್ಪಿಸುವ ನಾಟಕ" ಅಂದರು, ಸಂಜೆಗೆ ಅಪೆಂಡಿಕ್ಸ್ ತೆಗೆಯಬೇಕಾಯಿತು.

ಹಳೇಕಡತ
ಆಸ್ಲರ್ ವಿಷಯಕ್ಕೆ ಬರೋಣ. ಓದುಹುಳ ಅವರೇ, ಪಾಲಿಶ್ ಇರೋದು ಹೌದು. ಮೊದಲ ದೊಡ್ಡ ಜೀವನಚರಿತ್ರೆ ಬರೆದವರು ಹಾರ್ವೆ ಕುಶಿಂಗ್, ಮಿದುಳಿನ ಶಸ್ತ್ರಚಿಕಿತ್ಸೆಯ ಹಿರಿಯಜ್ಜ. ಅದಕ್ಕೆ 1926ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಆದರೆ ಕುಶಿಂಗ್ ಹೊರಗಿನವರಲ್ಲ. ಬಾಲ್ಟಿಮೋರ್‌ನಲ್ಲಿ ಆಸ್ಲರ್ ಮನೆಯ ಪಕ್ಕದ ಮನೆಯಲ್ಲೇ ಇದ್ದವರು. ಪಕ್ಕದ ಮನೆಯ ಎಳೆಯ ಡಾಕ್ಟರುಗಳಿಗೆಲ್ಲ ಆಸ್ಲರ್ ತಮ್ಮ ಮನೆಯ ಬಾಗಿಲಿನ ಕೀಲಿಕೈ ಕೊಟ್ಟುಬಿಟ್ಟಿದ್ದರು, ಯಾವಾಗ ಬೇಕಾದರೂ ಬಂದು ಪುಸ್ತಕ ಓದಲಿ, ಹರಟಲಿ ಅಂತ. ಮನೆಮಗನ ಹಾಗೆ ಓಡಾಡಿಕೊಂಡಿದ್ದವನು ಬರೆದ ಪುಸ್ತಕದಲ್ಲಿ ಭಕ್ತಿ ಇರದೆ ಇನ್ನೇನಿರುತ್ತೆ?

ಹಾಗಂತ ಎಲ್ಲಾ ಕಟ್ಟುಕತೆಯೂ ಅಲ್ಲ. ಆಕ್ಸ್‌ಫರ್ಡ್‌ನ ಒಂದು ಪ್ರಸಂಗ ಕೇಳಿ. ಒಂದು ಮಗುವಿಗೆ ನಾಯಿಕೆಮ್ಮು ಜೋರಾಗಿ ಊಟವೇ ಸೇರುತ್ತಿರಲಿಲ್ಲ. ಆಸ್ಲರ್ ಅವತ್ತು ವಿಶ್ವವಿದ್ಯಾಲಯದ ಸಮಾರಂಭಕ್ಕೆ ಹೊರಟಿದ್ದರು, ಮೈಮೇಲೆ ಡಾಕ್ಟರೇಟಿನ ಕೆಂಪು ನಿಲುವಂಗಿ. ಹಾಗೇ ಬಂದರು. ಮಗು ಬಾಯಿ ಬಿಟ್ಟುಕೊಂಡು ಆ ವೇಷವನ್ನೇ ನೋಡ್ತಿತ್ತು. ಪರೀಕ್ಷೆ ಚುಟುಕಾಗಿ ಮುಗಿಸಿ, ಮಂಚದ ಮೇಲೆ ಕೂತು ಒಂದು ಪೀಚ್ ಹಣ್ಣಿನ ಸಿಪ್ಪೆ ತೆಗೆದು, ಹೋಳು ಮಾಡಿ, ಸಕ್ಕರೆ ಉದುರಿಸಿ, ಇದು ಮಾಮೂಲಿ ಹಣ್ಣಲ್ಲ, ತಿಂದರೆ ವಾಸಿಯಾಗುತ್ತೆ ಅಂತ ಒಂದೊಂದೇ ಹೋಳು ತಿನ್ನಿಸಿದರು. ಹೊರಗೆ ಬಂದು ತಂದೆಗೆ ಮಾತ್ರ, ಉಳಿಯೋದು ಕಷ್ಟ ಅಂತ ನಿಜ ಹೇಳಿದರು. ಆಮೇಲೆ 40 ದಿನ ದಿನಾಲೂ ಬಂದರಂತೆ. ಬಾಗಿಲಾಚೆ ಆ ನಿಲುವಂಗಿ ತೊಟ್ಟುಕೊಂಡೇ ಒಳಗೆ ಬಂದು ತಿನ್ನಿಸುತ್ತಿದ್ದರು. ಮಗು ಉಳಿಯಿತು.

ಡಾ. ಸ್ಟೆತ್
ಈ ಪೀಚ್ ಕತೆ ನಮ್ಮ ಮಕ್ಕಳ ವಿಭಾಗದ ಪ್ರೊಫೆಸರ್ ಹೇಳ್ತಿದ್ದರು. ಆ ಕಾಲಕ್ಕೆ ನಾಯಿಕೆಮ್ಮಿಗೆ ಆಂಟಿಬಯಾಟಿಕ್ ಇರಲಿಲ್ಲ, ಲಸಿಕೆಯೂ ಬಳಕೆಗೆ ಬಂದಿರಲಿಲ್ಲ. ಕೆಮ್ಮಿ ಕೆಮ್ಮಿ ವಾಂತಿಯಾಗಿ ಹೊಟ್ಟೆಗೆ ಏನೂ ನಿಲ್ಲದೆ ಮಗು ಸೊರಗಿ ಹೋಗೋದೇ ಅಪಾಯ. ಹಾಗಾಗಿ ಅವರು ತಿನ್ನಿಸಿದ್ದು ಬರೀ ಮುದ್ದಿಗಲ್ಲ. ಅವರ ಕೈಲಿದ್ದ ಚಿಕಿತ್ಸೆ ಅದೊಂದೇ.

ಉಲ್ಟಾಪಲ್ಟಾ
ಚೆನ್ನಾಗಿದೆ. ಈಗ ನನ್ನ ತಕರಾರು. ಬೇರೆಯವರ ಮಗುವಿಗೆ 40 ದಿನ ನಿಲುವಂಗಿ ಉಟ್ಟ ಮನುಷ್ಯನ ಮಗ ಆ ಹೊತ್ತಲ್ಲಿ ಎಲ್ಲಿದ್ದ? ಯಾರ ಜೊತೆ ಉಂಡ?

ಇನ್ನೊಂದು. ಇದೇ ಆಸ್ಲರ್ 1903ರಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೆ ಭಾಷಣ ಮಾಡ್ತಾ, ಪ್ರೀತಿ ಪ್ರೇಮವನ್ನ ಕೆಲವು ವರ್ಷ ಕೋಲ್ಡ್ ಸ್ಟೋರೇಜಲ್ಲಿಡಿ ಅನ್ನೋ ಅರ್ಥದ ಮಾತಾಡಿದ್ದಾರೆ. ತಾವೂ ಹಾಗೇ ಮಾಡಿದರು. ಮದುವೆ ಆಗಿದ್ದು 1892ರ ಮೇ ತಿಂಗಳಲ್ಲಿ, 42ನೇ ವಯಸ್ಸಿಗೆ. ಅಂದರೆ ಹೆಣ ಕೊಯ್ದು ಕಲಿತ ವರ್ಷಗಳು, ಸಿಡುಬಿನ ವಾರ್ಡು, ಆ ದಪ್ಪ ಪುಸ್ತಕ ಎಲ್ಲಾ ಮುಗಿದ ಮೇಲೆ ಸಂಸಾರ. ಎರಡನ್ನೂ ಒಟ್ಟಿಗೆ ತೂಗಿಸಿದ್ದು ಎಲ್ಲಿ ಬಂತು? ಒಂದು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದರು ಅಷ್ಟೇ. ಹೆಸರು, ದುಡ್ಡು, ಮನೆತುಂಬ ಆಳುಕಾಳು ಬಂದ ಮೇಲೆ ಯಾರು ಬೇಕಾದರೂ ಮಾದರಿ ಗೃಹಸ್ಥ ಆಗಬಹುದು.

ರಾತ್ರಿಪಾಳಿ
ಮೆಡಿಕಲ್ ಪಿಜಿ ಎರಡನೇ ವರ್ಷ. ಕೋಲ್ಡ್ ಸ್ಟೋರೇಜ್ ಮಾತು ನಮ್ಮ ಎಚ್‌ಓಡಿ ಕಿವಿಗೆ ಬೀಳದಿರಲಿ ಸ್ವಾಮಿ, ನಾಳೆಯೇ ಗೋಡೆಗೆ ಹಾಕಿಸ್ತಾರೆ.

ಹಳೇಕಡತ
@ಉಲ್ಟಾಪಲ್ಟಾ ಅರ್ಧ ಒಪ್ಪಿದೆ. ಆದರೆ ಮದುವೆಯಾದ ಮೇಲೆ ಕೆಲಸ ಕಮ್ಮಿಯಾಯಿತು ಅನ್ನೋದು ತಪ್ಪು. ಹಾಪ್‌ಕಿನ್ಸ್ ಮೆಡಿಕಲ್ ಕಾಲೇಜು ಬಾಗಿಲು ತೆರೆದಿದ್ದೇ 1893ರಲ್ಲಿ. ಪುಸ್ತಕದಿಂದ ಹೆಸರಾದ ಮೇಲೆ ದೂರದೂರದಿಂದ ಕನ್ಸಲ್ಟೇಷನ್ನಿಗೆ ಕರೆ. ಮದುವೆಯ ಮುಂಚಿನದಕ್ಕಿಂತ ಮದುವೆ ಆದಮೇಲಿನ ಬಾಲ್ಟಿಮೋರ್ ವರ್ಷಗಳೇ ಅವರನ್ನ ಹಿಂಡಿದ್ದು. ಆಕ್ಸ್‌ಫರ್ಡ್‌ನಿಂದ ಕರೆ ಬಂದಾಗ ಆಸ್ಲರ್ ಆಕಡೆ ಈಕಡೆ ಅಂತಿದ್ದರೆ, ತಡಮಾಡದೆ ಒಪ್ಪಿಕೊಳ್ಳಿ ಅಂತ ತಂತಿ ಕಳಿಸಿದವರು ಗ್ರೇಸ್. ಹೀಗೇ ದುಡಿದರೆ ಗಂಡ ಉಳಿಯಲ್ಲ ಅನ್ನೋ ಹೆದರಿಕೆ ಆಕೆಗೆ.

ಇನ್ನು ಸಂಸಾರ ಸುಖದ ಸುಪ್ಪತ್ತಿಗೆಯಾಗಿತ್ತು ಅಂತಲೂ ಇಲ್ಲ. ಮೊದಲ ಗಂಡುಮಗು 1893ರಲ್ಲಿ ಹುಟ್ಟಿ ಕೆಲವೇ ದಿನಕ್ಕೆ ಹೋಯಿತು. ಆಮೇಲೆ ಆಸ್ಲರ್ ಹೆಂಡತಿಗೆ ಒಂದು ಕಾಗದ ಬರೆದರು. ಆ ಮಗುವೇ ಸ್ವರ್ಗದಿಂದ ತಾಯಿಗೆ ಬರೆದಂತೆ. ಇದನ್ನ ಪಾಲಿಶ್ ಅನ್ನೋಕೆ ನನಗೆ ಬಾಯಿ ಬರಲ್ಲ.

ಗಿರಿಜಕ್ಕ
ಎಲ್ಲರೂ ಕೀಲಿಕೈ ಕೊಟ್ಟರು ಕೀಲಿಕೈ ಕೊಟ್ಟರು ಅಂತ ಕೊಂಡಾಡ್ತಿದ್ದೀರಲ್ಲ, ಬಂದವರಿಗೆ ತಟ್ಟೆ ಇಟ್ಟವರು ಯಾರು? ಆಕ್ಸ್‌ಫರ್ಡ್‌ನ ಅವರ ಮನೆಗೆ ಬರುವವರು ಹೋಗುವವರು ಎಷ್ಟಿದ್ದರು ಅಂದರೆ 'ದಿ ಓಪನ್ ಆರ್ಮ್ಸ್' ಅಂತ ಛತ್ರದ ಹಾಗೆ ಅಡ್ಡಹೆಸರೇ ಬಿದ್ದಿತ್ತಂತೆ. ಆ ಛತ್ರದ ಪಾರುಪತ್ಯ ಗ್ರೇಸಮ್ಮನದು.

ನಾನು ಡಾಕ್ಟರ ಹೆಂಡತಿ. ಮೊಬೈಲ್ ಬರುವ ಮುಂಚೆ ಮನೆ ಫೋನಿನ ಪಕ್ಕ ಒಂದು ರೂಲ್ಡ್ ಪುಸ್ತಕ, ದಾರದಲ್ಲಿ ಕಟ್ಟಿದ ಪೆನ್ಸಿಲ್. ಇವರು ಆಸ್ಪತ್ರೆಯಲ್ಲಿದ್ದಾಗ ಬಂದ ಕರೆಗಳನ್ನೆಲ್ಲ ಬರೆದಿಡಬೇಕು. ಬರೀ ಹೆಸರು ಬರೆದರೆ ಇವರಿಗೆ ಸಾಲದು. ವಾಂತಿ ಎಷ್ಟು ಸಲ, ಮಗು ಒಂದಕ್ಕೆ ಹೋಗಿದೆಯಾ, ಎದೆನೋವು ಎಡಗೈಗೆ ಇಳೀತಿದೆಯಾ, ಬೆವರು ಬರ್ತಿದೆಯಾ. ಕೇಳ್ತಾ ಕೇಳ್ತಾ ನನಗೇ ದನಿಯಲ್ಲಿ ಗೊತ್ತಾಗ್ತಿತ್ತು, ಯಾರದು ಬೆಳಗಿನ ತನಕ ತಡೆಯುತ್ತೆ, ಯಾರನ್ನ ಈಗಲೇ ಆಸ್ಪತ್ರೆಗೆ ಓಡಿಸಬೇಕು ಅಂತ. ಎಡಗೈ ನೋವಿನ ಒಬ್ಬರನ್ನ ನಾನೇ ದಬಾಯಿಸಿ ಆಟೋ ಹತ್ತಿಸಿದ್ದಿದೆ. ಬದುಕಿದರು. ಹಾರ ತಂದು ಹಾಕಿದ್ದು ಇವರಿಗೆ.

ಬೇಜಾರಿಲ್ಲ, ನಗು ಬರುತ್ತೆ. ಶ್ರದ್ಧಾಂಜಲಿಯಲ್ಲಿ ಆ ಸಾಲು ಬರೀತಾರಲ್ಲ, ಮನೆಯವರನ್ನೂ ನೋಡಿಕೊಂಡರು ಅಂತ. ಮನೆಯವರು ಡಾಕ್ಟರನ್ನ ನೋಡಿಕೊಂಡ ವಿಷಯಕ್ಕೂ ಒಂದು ಸಾಲು ಸೇರಿಸಲಿ.

ಬಿಳಿಕೋಟಿನ ಮಗಳು
ಗಿರಿಜಕ್ಕಾ, ಆ ದಾರ ಕಟ್ಟಿದ ಪೆನ್ಸಿಲ್ ನಮ್ಮನೆಯಲ್ಲೂ ಇತ್ತು. ಅಮ್ಮನ ಕೈಬರಹ ಅಂದರೆ ನನಗೆ ನೆನಪಾಗೋದೇ ಆ ಪುಸ್ತಕ.

ಡಾ. ಸ್ಟೆತ್
ಗಿರಿಜಕ್ಕ ಹೇಳಿದ್ದಕ್ಕೆ ಬಾಲಂಗೋಚಿ. ನಾನು ಹೆಣ್ಣು, ಡಾಕ್ಟರ್, ಇಬ್ಬರು ಮಕ್ಕಳ ತಾಯಿ. ನನ್ನ ಗಂಡನೂ ಡಾಕ್ಟರ್. ಅವರು ಮಗುವಿನ ಡಯಾಪರ್ ಬದಲಿಸಿದರೆ "ಎಂಥಾ ಗಂಡನಪ್ಪಾ, ಅಷ್ಟು ಬಿಜಿ ಡಾಕ್ಟರ್ ಆದರೂ ನೋಡು" ಅಂತಾರೆ. ನಾನು ಸ್ಕೂಲಿನ ಪೋಷಕರ ಸಭೆಗೆ ತಡವಾಗಿ ಹೋದರೆ "ಪಾಪ ಮಕ್ಕಳು". 'ವೃತ್ತಿನಿಷ್ಠ ವೈದ್ಯ, ಪ್ರೀತಿಯ ತಂದೆ' ಅನ್ನೋ ಬಿರುದು ಗಂಡಸಿಗೆ ಮಾತ್ರ. ನಮಗೆ ಎರಡನೆಯದು ಇದ್ದೇ ಇರಬೇಕಾದ್ದು, ಮೊದಲನೆಯದಕ್ಕೆ ಕ್ಷಮೆ ಕೇಳಬೇಕಾದ್ದು.

ಅಂದಹಾಗೆ ಅದೇ ಹಾಪ್‌ಕಿನ್ಸ್ ಕತೆ ಗೊತ್ತಾ? ಮೆಡಿಕಲ್ ಕಾಲೇಜು ತೆರೆಯೋಕೆ ದುಡ್ಡು ಸಾಲದೆ ಕೂತಿದ್ದರು. ಮೇರಿ ಗ್ಯಾರೆಟ್ ಅನ್ನೋ ಹೆಣ್ಣುಮಗಳು ತಾನು ತುಂಬಿಕೊಡ್ತೀನಿ ಅಂದರು, ಷರತ್ತು ಹಾಕಿ: ಗಂಡಸರಿಗೆ ಯಾವ ನಿಯಮವೋ ಅದೇ ನಿಯಮದಲ್ಲಿ ಹೆಂಗಸರಿಗೂ ಸೀಟು, ಪ್ರವೇಶದ ಮಟ್ಟವೂ ಬಿಗಿಯಾಗಿರಬೇಕು. ಆ ಬಿಗಿ ನೋಡಿ ಆಸ್ಲರ್ ತಮ್ಮ ಜೊತೆಯವರಾದ ವೆಲ್ಚ್‌ಗೆ ತಮಾಷೆ ಮಾಡಿದ್ದರು: ನಾವು ಪ್ರೊಫೆಸರಾಗಿ ಒಳಗೆ ಬಂದದ್ದು ಪುಣ್ಯ, ವಿದ್ಯಾರ್ಥಿಗಳಾಗಿ ಬಂದಿದ್ದರೆ ಇಬ್ಬರಿಗೂ ಸೀಟು ಸಿಗ್ತಿರಲಿಲ್ಲ ಅಂತ.

ತಲೆಹರಟೆ
ಹಾಪ್‌ಕಿನ್ಸ್ ಅಂದಮೇಲೆ ಗ್ಲೌಸ್ ಕತೆ ಬರಲೇಬೇಕು. ವಿಲಿಯಂ ಹಾಲ್‌ಸ್ಟೆಡ್, ಅಲ್ಲಿನ ಸರ್ಜನ್. ಆಪರೇಷನ್ ಥಿಯೇಟರಿನ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್ ಕೈ ಕ್ರಿಮಿನಾಶಕ ದ್ರಾವಣಕ್ಕೆ ಸುಟ್ಟ ಹಾಗೆ ಆಗ್ತಿತ್ತು. ಈಯಪ್ಪ ಗುಡ್‌ಇಯರ್ ಕಂಪನಿಗೆ ಬರೆದು ತೆಳುವಾದ ರಬ್ಬರ್ ಗ್ಲೌಸ್ ಮಾಡಿಸಿ ಕೊಟ್ಟ. 1890ರಲ್ಲಿ ಮದುವೆಯೂ ಆದ. ಸರ್ಜಿಕಲ್ ಗ್ಲೌಸ್ ಹುಟ್ಟಿದ್ದು ಪ್ರೀತಿಯಿಂದ, ಸೋಂಕಿನ ಭಯದಿಂದಲ್ಲ! ಇದಕ್ಕಿಂತ ಒಳ್ಳೆ ಗೃಹಸ್ಥ ಬೇಕಾ?

ರಾತ್ರಿಪಾಳಿ
ಆ ಪ್ರೇಮಿ ಮಹಾಶಯ ಹಾಲ್‌ಸ್ಟೆಡ್ ಮೇಲೆ ನಮಗೆ ಬೇರೆ ಸಿಟ್ಟಿದೆ ಗುರೂ. ಸರ್ಜರಿಯ ರೆಸಿಡೆನ್ಸಿ ಪದ್ಧತಿಗೆ, ಅಂದರೆ ಎಳೆಯ ಡಾಕ್ಟರುಗಳು ಆಸ್ಪತ್ರೆಯಲ್ಲಿ ದುಡಿಯುತ್ತಲೇ ಕಲಿಯುವ ತರಬೇತಿಗೆ ಅಡಿಪಾಯ ಹಾಕಿದ್ದೇ ಆತ. ರೆಸಿಡೆಂಟ್ ಅಂದರೆ ಆಸ್ಪತ್ರೆಯಲ್ಲೇ ವಾಸ, ಮದುವೆ ಗಿದುವೆ ಸುದ್ದಿ ಎತ್ತುವ ಹಾಗಿಲ್ಲ, ವರ್ಷಗಟ್ಟಲೆ ಅದೇ ಬಾಳು. ಆತ ಕೊಕೇನಿನ ಮೇಲೆ ಪ್ರಯೋಗ ಮಾಡ್ತಾ ಅದರ ದಾಸನಾಗಿ, ಬಿಡಿಸೋಕೆ ಹೋಗಿ ಮಾರ್ಫಿನ್‌ಗೂ ಅಂಟಿಕೊಂಡಿದ್ದ ಅನ್ನೋದು ಈಗ ಎಲ್ಲರಿಗೂ ಗೊತ್ತು. ಅಂಥವನು ಹಾಕಿದ ಕಾಲಪಟ್ಟಿಯ ನೆರಳಲ್ಲಿ ನಾವು ಇವತ್ತಿಗೂ ಏಗ್ತಾ ಇದ್ದೀವಿ.

1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 18 ವರ್ಷದ ವಿದ್ಯಾರ್ಥಿನಿ ಸತ್ತಳು. ನೋಡಿಕೊಳ್ತಿದ್ದವರು ನಿದ್ದೆಗೆಟ್ಟ ಎಳೆಯ ಡಾಕ್ಟರುಗಳು. ಅವಳ ಅಪ್ಪ ಪತ್ರಕರ್ತ, ಸುಮ್ಮನೆ ಬಿಡಲಿಲ್ಲ. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ತಂತು, 2003ರಲ್ಲಿ ಇಡೀ ಅಮೆರಿಕದ ರೆಸಿಡೆಂಟ್‌ಗಳಿಗೆ ಅದೇ ಮಿತಿ. 80 ಗಂಟೆ ಅನ್ನೋದು ಮಿತಿ, ಗಮನಿಸಿ! ಒಬ್ಬ ಸಾಮಾನ್ಯ ನೌಕರನ ಎರಡು ವಾರ. ಸಂಸಾರ ಎಲ್ಲಿಂದ ಬರಬೇಕು?

ನಿವೃತ್ತ ವೈದ್ಯ
ನಾವೂ ಆ ಪಾಡು ಪಟ್ಟವರೇ ಮಗೂ. ಆದರೆ ಗಂಟೆ ಕಡಿದರೆ ರೋಗಿಗೆ ಒಳ್ಳೆಯದೇ ಆಗುತ್ತೆ ಅಂತ ಕಣ್ಣು ಮುಚ್ಚಿ ಹೇಳಬೇಡ. ಅಮೆರಿಕದಲ್ಲೇ ಸರ್ಜರಿ ರೆಸಿಡೆಂಟ್‌ಗಳನ್ನ ಎರಡು ಗುಂಪು ಮಾಡಿ, ಒಂದಕ್ಕೆ ಬಿಗಿ ಪಾಳಿ (ಹೊತ್ತಾದರೆ ಬಿಟ್ಟು ಹೋಗಲೇಬೇಕು), ಇನ್ನೊಂದಕ್ಕೆ ಸಡಿಲ ಪಾಳಿ (ಬೇಕಾದರೆ ಮುಂದುವರಿಸಬಹುದು) ಕೊಟ್ಟು ನೋಡಿದ 'ಫಸ್ಟ್' ಅನ್ನೋ ಹೆಸರಿನ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸಡಿಲ ಪಾಳಿಯ ಕಡೆ ರೋಗಿಗಳ ಸ್ಥಿತಿ ಕೆಟ್ಟದ್ದೇನೂ ಆಗಿರಲಿಲ್ಲ. ಪಾಳಿ ಬದಲಾದಾಗಲೆಲ್ಲ ಒಬ್ಬರಿಂದ ಇನ್ನೊಬ್ಬರಿಗೆ ಮಾಹಿತಿ ಸೋರಿಹೋಗುತ್ತೆ. ರಾತ್ರಿ ಆಪರೇಷನ್ ಮಾಡಿದವನೇ ಬೆಳಿಗ್ಗೆ ಹೊಟ್ಟೆ ಮುಟ್ಟಿ ನೋಡಿದರೆ ಸಿಗುವ ತಿಳಿವಳಿಕೆ ಕಾಗದದಲ್ಲಿ ಬರಲ್ಲ.

ರಾತ್ರಿಪಾಳಿ
ಸಾರ್, ಅದೇ ಅಧ್ಯಯನದಲ್ಲಿ ಸಡಿಲ ಪಾಳಿಯವರು ಮನೆ, ವಿಶ್ರಾಂತಿ, ಸ್ವಂತ ಆರೋಗ್ಯ ಇವಕ್ಕೆ ಪೆಟ್ಟು ಬಿತ್ತು ಅಂದಿದ್ದೂ ಇದೆ. ಅದನ್ನ ಮಾತ್ರ ಯಾರೂ ಓದಿ ಹೇಳಲ್ಲ.

ನಿರ್ವಾಹಕ
ಡ್ಯೂಟಿ ಗಂಟೆಗಳಿಗೆ ಬೇರೆ ಎಳೆ ಇದೆ. ವೈದ್ಯರ ಮನೆಬದುಕಿನ ಮೇಲೇ ಇರಲಿ.

ಜವಾರಿ ಜಾಣ
ಆಸ್ಲರ್ ಆಸ್ಲರ್ ಅಂತ ಒದರಾಕತ್ತೀರಿ, ಸೊಲ್ಲಾಪುರದ ಕೋಟ್ನಿಸ್ ಡಾಕ್ಟರ್ ಹೆಸರು ಒಬ್ಬರೂ ತಗೀಲಿಲ್ಲಲ್ರಿ! ದ್ವಾರಕಾನಾಥ ಕೋಟ್ನಿಸ್, 1910ರಾಗ ಹುಟ್ಟಿದ್ದು. 1938ರಾಗ ಕಾಂಗ್ರೆಸ್ಸಿನವರು ಚೀನಾಕ್ಕ ಕಳಿಸಿದ ಐದು ಮಂದಿ ಡಾಕ್ಟರೊಳಗ ಇವ್ರೂ ಒಬ್ರು. ಜಪಾನಿನ ಜೋಡಿ ಯುದ್ಧ ನಡದಿತ್ತಲ್ಲ, ಗಾಯ ಆದವ್ರನ್ನ ನೋಡಾಕ. ಅಲ್ಲಿ ಹೋದ ಮ್ಯಾಲೆ ಅಪ್ಪ ತೀರಿಕೊಂಡ ಸುದ್ದಿ ಬಂತು. ವಾಪಸ್ ಬರಲಿಲ್ಲ. ಉಳಿದ ನಾಕೂ ಮಂದಿ ಮುಂದ ಊರಿಗೆ ಬಂದ್ರು, ಇವ್ರು ಅಲ್ಲೇ ಉಳದ್ರು. 1941ರಾಗ ಗುವೊ ಚಿಂಗ್‌ಲಾನ್ ಅನ್ನೂ ನರ್ಸಿಂಗ್ ಟೀಚರ್ ಕೂಡ ಲಗ್ನ. 1942ರ ಆಗಸ್ಟಿಗೆ ಮಗ. ಹೆಸರು ಯಿನ್‌ಹುವಾ, ಭಾರತ ಚೀನಾ ಎರಡೂ ಕೂಡಿಸಿದ ಹೆಸರು. ಡಿಸೆಂಬರ್ 9ಕ್ಕ ಫಿಟ್ಸ್ ಬಂದು ಕೋಟ್ನಿಸ್ ಹೋಗೇಬಿಟ್ರು, 32ನೇ ವಯಸ್ಸಿಗೆ. ಕೂಸಿಗೆ ನಾಕು ತಿಂಗಳೂ ತುಂಬಿರಲಿಲ್ಲ.

ಈಗ ಹೇಳ್ರಿ, ಇವ್ರಿಗೆ ಒಳ್ಳೆ ಸಂಸಾರಸ್ಥ ಅಂತೀರೋ ಇಲ್ಲೋ? ಅವ್ವನ ಬಿಟ್ಟು ಹೋದ್ರು, ಅಪ್ಪನ ಮುಖ ಕಾಣಲಿಲ್ಲ, ಹೆಂಡ್ತಿಗೆ ಸಿಕ್ಕಿದ್ದು ಒಂದು ವರ್ಷದ ಬಾಳ್ವೆ. ನಾ ಅಂತೀನಿ, ಆ ಒಂದು ವರ್ಷ ಲೆಕ್ಕಕ್ಕ ತಗೋರಿ ಅಂತ.

ಉಲ್ಟಾಪಲ್ಟಾ
ಕೋಟ್ನಿಸ್ ಬಂದ ಮೇಲೆ ಬೆಥ್ಯೂನ್ ಬರಬೇಡವೇ? ಕೋಟ್ನಿಸ್ ಚೀನಾದಲ್ಲಿ ನಡೆಸಿದ ಆಸ್ಪತ್ರೆಗೆ ಹೆಸರಿಟ್ಟಿದ್ದೇ ಸರ್ಜನ್ ನಾರ್ಮನ್ ಬೆಥ್ಯೂನ್ ಅವರದು. ಆಸ್ಲರ್ ಹಾಗೆ ಕೆನಡಾದವನೇ, ಪಾದ್ರಿಯ ಮಗನೇ, ಮಾಂಟ್ರಿಯಲ್‌ನಲ್ಲೇ ಕೆಲಸ ಮಾಡಿದವನೇ. 1939ರಲ್ಲಿ ಆಪರೇಷನ್ ಮಾಡ್ತಾ ಬೆರಳು ಕುಯ್ದುಕೊಂಡು ನಂಜೇರಿ ಸತ್ತ. ರೋಗಿಗಾಗಿ ಪ್ರಾಣ ಕೊಟ್ಟವನು. ಸಂಸಾರ? ಒಬ್ಬಳನ್ನೇ ಎರಡು ಸಲ ಮದುವೆಯಾಗಿ ಎರಡು ಸಲ ಡೈವೋರ್ಸ್. ನಿಷ್ಠೆ ಅನ್ನೋದು ಒಂದೇ ಕಡೆ ಹರಿಯುತ್ತೆ ಅನ್ನೋದಕ್ಕೆ ಇನ್ನೆಂಥ ಸಾಕ್ಷಿ ಬೇಕು.

ಕಡಲಮಗ
ಎರಡು ಸಲ ಅದೇ ಹೆಂಗಸು ಒಪ್ಪಿದಳಲ್ಲ, ಅದನ್ನೂ ನೋಡಿ ಮಾರಾಯ್ರೆ.

ಓದುಹುಳ
ಬೆಥ್ಯೂನ್ ಒಬ್ಬನಿಂದ ನಿಯಮ ಮಾಡೋಕಾಗಲ್ಲ. ಆಸ್ಲರ್ ಕೊನೆ ದಿನಗಳ ಬಗ್ಗೆ ಯಾರಿಗಾದರೂ ಗೊತ್ತಾ? ನಾನಿನ್ನೂ ಮೊದಲ ಮಹಾಯುದ್ಧದ ಭಾಗಕ್ಕೆ ಬಂದಿಲ್ಲ.

ಸಕ್ಕರೆಕಾಯಿಲೆ
1918ರ ಸ್ಪ್ಯಾನಿಷ್ ಫ್ಲೂನಲ್ಲಿ ಹೋದರು.

ಹಳೇಕಡತ
ಇಲ್ಲ. 1919ರ ಡಿಸೆಂಬರ್ 29, ಆಕ್ಸ್‌ಫರ್ಡ್‌ನಲ್ಲಿ, ನ್ಯುಮೋನಿಯಾ ಆಗಿ ಎದೆಗೂಡಿನಲ್ಲಿ ಕೀವು ತುಂಬಿ. 70 ವರ್ಷ. ತಮ್ಮ ಪುಸ್ತಕದಲ್ಲಿ ನ್ಯುಮೋನಿಯಾವನ್ನ ಮುದುಕರ ಗೆಳೆಯ ಅಂತ ಕರೆದಿದ್ದ ಮನುಷ್ಯ. ಆದರೆ ಅವರು ಅದಕ್ಕೆ ಎರಡು ವರ್ಷ ಮುಂಚೆಯೇ ಅರ್ಧ ಹೋಗಿದ್ದರು ಅಂತಾರೆ ಹತ್ತಿರದವರು. ಮುಂದಿನದು ಓದುಹುಳ ಅವರೇ, ಪುಸ್ತಕದಲ್ಲೇ ಓದಬೇಕಿದ್ದರೆ ಇಲ್ಲಿಗೇ ನಿಲ್ಲಿಸಿ.

ಮಗ ರೆವಿಯರ್‌ಗೆ ಓದು ಅಷ್ಟಕ್ಕಷ್ಟೇ. ಮೀನು ಹಿಡಿಯೋದು, ಚಿತ್ರ ಬರೆಯೋದು, ಹಳೇ ಪುಸ್ತಕ ಅಂದರೆ ಪ್ರಾಣ. ಜಗತ್ತಿನ ಅತಿ ದೊಡ್ಡ ಡಾಕ್ಟರ ಮಗ ಡಾಕ್ಟರಾಗಲಿಲ್ಲ, ಅಪ್ಪ ಅದಕ್ಕೆ ಒತ್ತಾಯ ಮಾಡಿದ್ದೂ ಕಾಣಲ್ಲ. (ಇಲ್ಲಿ ಎಷ್ಟು ಜನ ಡಾಕ್ಟರ್ ಅಪ್ಪಂದಿರಿಗೆ ಈ ಎದೆ ಇದೆ, ಕೈ ಎತ್ತಿ.) ಯುದ್ಧ ಬಂತು. ಮೊದಲು ಮೆಕ್‌ಗಿಲ್ ನಡೆಸುತ್ತಿದ್ದ ಸೇನಾ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ. ಜೊತೆಯ ಹುಡುಗರೆಲ್ಲ ರಣರಂಗದಲ್ಲಿರುವಾಗ ತಾನು ಹಿಂದೆ ಕೂರಲಾರೆ ಅಂತ ಫಿರಂಗಿ ದಳ ಸೇರಿದ. 1917ರ ಆಗಸ್ಟ್ 29, ಬೆಲ್ಜಿಯಂನ ಈಪ್ರ್ ಹತ್ತಿರ ಶೆಲ್ ಬಿತ್ತು. ಎದೆ, ಹೊಟ್ಟೆ, ತೊಡೆಗೆ ಚೂರು ಹೊಕ್ಕವು. ಗಾಯಾಳುಗಳ ಶಿಬಿರಕ್ಕೆ ತಂದಾಗ ಸುದ್ದಿ ಮುಟ್ಟಿ, ಮಳೆಯ ರಾತ್ರಿಯಲ್ಲಿ ಅಲ್ಲಿಗೆ ಬಂದ ಸರ್ಜನ್‌ಗಳಲ್ಲಿ ಒಬ್ಬರು ಯಾರು ಗೊತ್ತಾ? ಹಾರ್ವೆ ಕುಶಿಂಗ್. ಆ ಹುಡುಗನನ್ನ ಬಾಲ್ಟಿಮೋರ್‌ನಲ್ಲಿ ಕೂಸಾಗಿದ್ದಾಗಿಂದ ಕಂಡವರು. ಜಾರ್ಜ್ ಕ್ರೈಲ್ ಕೂಡ ಬಂದಿದ್ದರು, ರಕ್ತ ಕೊಡುವುದರಲ್ಲಿ ಆ ಕಾಲದ ದೊಡ್ಡ ಕೈ. ರಕ್ತ ಕೊಟ್ಟರು, ಹೊಟ್ಟೆ ತೆರೆದು ಹೊಲಿದರು. ಬೆಳಗಾಗುವಷ್ಟರಲ್ಲಿ ಹುಡುಗ ಹೋದ. 21 ವರ್ಷ.

ಆಸ್ಲರ್ ಆಮೇಲೂ ವಾರ್ಡಿಗೆ ಹೋದರು, ಗಾಯದ ಸೈನಿಕರನ್ನ ನಗಿಸಿದರು. ರಾತ್ರಿ ಅವರು ಬಿಕ್ಕುವುದು ಕೇಳಿಸುತ್ತಿತ್ತು ಅಂತ ಮನೆಯಲ್ಲಿದ್ದವರು ಹೇಳಿದ್ದಾರೆ. ಡಾಕ್ಟರಾದವನು ಯಾವುದಕ್ಕೂ ವಿಚಲಿತನಾಗಬಾರದು ಅಂತ 1889ರಲ್ಲಿ ಊರಿಗೆಲ್ಲ ಪಾಠ ಹೇಳಿದ್ದ ಮನುಷ್ಯ.

ಗಿರಿಜಕ್ಕ
ಗ್ರೇಸಮ್ಮ ಏನು ಮಾಡಿದಳು? ಅದನ್ನ ಬರೆದಿದ್ದಾರಾ?

ಹಳೇಕಡತ
ಆಕೆ 1928ರವರೆಗೂ ಇದ್ದರು ಅಕ್ಕಾ. ಗಂಡನ ಏಳೆಂಟು ಸಾವಿರ ಪುಸ್ತಕಗಳನ್ನ ಅವರ ಇಷ್ಟದ ಹಾಗೆ ಮೆಕ್‌ಗಿಲ್ ಲೈಬ್ರರಿಗೆ ಸೇರಿಸುವ ಕೆಲಸ ನಡೆಯುತ್ತಿತ್ತು, ಪಟ್ಟಿ ಮಾಡೋಕೇ ವರ್ಷಗಟ್ಟಲೆ ಹಿಡಿಯಿತು. ಕುಶಿಂಗ್‌ಗೆ ಜೀವನಚರಿತ್ರೆ ಬರೆಯಿರಿ ಅಂತ ಕೇಳಿಕೊಂಡವರೂ ಆಕೆಯೇ. ಈಗ ಇಬ್ಬರ ಚಿತಾಭಸ್ಮವೂ ಆ ಲೈಬ್ರರಿಯಲ್ಲೇ ಇದೆ.

ಉಲ್ಟಾಪಲ್ಟಾ
ಹಾಗಾದರೆ ಓದುಹುಳರ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಪಾಲಿಶ್ ಹಚ್ಚಲು ಹೇಳಿದ್ದು ಹೆಂಡತಿ, ಹಚ್ಚಿದ್ದು ಕೀಲಿಕೈ ಇದ್ದ ಶಿಷ್ಯ. ಆದರೂ ಆಕೆಗೆ ಹೀಗೆ ಮಾಡಬೇಕು ಅನ್ನಿಸಿತಲ್ಲ, ಅಷ್ಟು ಮಟ್ಟಿಗೆ ನಾನು ಸೋತೆ ಅಂತಲೇ ಇಟ್ಟುಕೊಳ್ಳಿ.

ಬಿಳಿಕೋಟಿನ ಮಗಳು
ನನಗೆ ಅವರ ರಾತ್ರಿಯ ಅಳುವಿಗಿಂತ ಮೀನು ಹಿಡಿಯುವ ಮಗನನ್ನ ಅವನ ಪಾಡಿಗೆ ಬಿಟ್ಟಿದ್ದು ದೊಡ್ಡದಾಗಿ ಕಾಣುತ್ತೆ. ನನ್ನ ತಮ್ಮನಿಗೆ ಮೂರು ಸಲ ಎಂಟ್ರೆನ್ಸ್ ಬರೆಸಿದರು.

ನಿವೃತ್ತ ವೈದ್ಯ
ಕೆಲಸಕ್ಕೆ ಬರುವ ಮಾತೊಂದು ಹೇಳ್ತೀನಿ. ನಾನು ಪ್ರಾಕ್ಟೀಸ್ ಮಾಡ್ತಿದ್ದಾಗ ನಾವು ಮೂವರು ಡಾಕ್ಟರುಗಳು ಒಪ್ಪಂದ ಮಾಡಿಕೊಂಡಿದ್ದೆವು. ರಾತ್ರಿ ಮತ್ತು ಭಾನುವಾರದ ಕರೆ ಸರದಿ ಪ್ರಕಾರ ಒಬ್ಬರಿಗೆ. ಉಳಿದಿಬ್ಬರು ಫೋನ್ ಎತ್ತುವ ಹಾಗಿಲ್ಲ. ಒಬ್ಬರ ರೋಗಿಯ ಚೀಟಿ ಇನ್ನೊಬ್ಬರಿಗೆ ಓದೋಕೆ ಬರುವ ಹಾಗೆ ಬರೆಯಬೇಕು ಅನ್ನೋದು ಷರತ್ತು, ಅದೇ ಎಲ್ಲಕ್ಕಿಂತ ಕಷ್ಟವಾಗಿದ್ದು! ನನ್ನ ಮಕ್ಕಳು ನನ್ನ ಬಗ್ಗೆ ದೂರು ಹೇಳಲ್ಲ ಅಂತಲ್ಲ, ಭಾನುವಾರದ ಬಗ್ಗೆ ಮಾತ್ರ ಹೇಳಲ್ಲ.

ಸಕ್ಕರೆಕಾಯಿಲೆ
ಅಲ್ಲಾ ಸಾರ್, ರಾತ್ರಿ ಎರಡು ಗಂಟೆಗೆ ಸಕ್ಕರೆ ಇಳಿದು ಕೈಕಾಲು ನಡುಗುವಾಗ ಮುಖ ಪರಿಚಯ ಇಲ್ಲದ ಡಾಕ್ಟರು ಫೋನ್ ಎತ್ತಿದರೆ ನಮಗೆ ಧೈರ್ಯ ಬರುತ್ತಾ? ನನಗೆ ನಮ್ಮ ಡಾಕ್ಟ್ರ ದನಿಯೇ ಬೇಕು.

ಡಾ. ಸ್ಟೆತ್
ಸಕ್ಕರೆ ಇಳಿದಾಗ ದನಿ ಬೇಡ ಯಜಮಾನರೇ, ಮೊದಲು ಮೂರು ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ, ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಪ್ರಜ್ಞೆ ಮಂಕಾಗ್ತಿದ್ದರೆ ಬಾಯಿಗೆ ಏನೂ ಹಾಕದೆ ಮನೆಯವರು ಆಸ್ಪತ್ರೆಗೆ ಒಯ್ಯಬೇಕು. ಫೋನು ಆಮೇಲೆ.

ಗಿರಿಜಕ್ಕ
ಇದನ್ನೇ ನಾನು ಫೋನಲ್ಲಿ ನೂರು ಸಲ ಹೇಳಿದ್ದೀನಿ. "ಡಾಕ್ಟ್ರನ್ನ ಕರೀರಿ" ಅಂತಲೇ ಕೂಗ್ತಿದ್ದರು.

ರಾತ್ರಿಪಾಳಿ
@ನಿವೃತ್ತ ವೈದ್ಯ ಸಾರ್, ನಿಮ್ಮ ಮೂವರ ಸರದಿ ಪಟ್ಟಿ ಹೇಗಿತ್ತು, ಹಬ್ಬ ಬಂದರೆ ಯಾರ ಪಾಲಿಗೆ, ಒಬ್ಬರಿಗೆ ಹುಷಾರಿಲ್ಲದಿದ್ದರೆ ಏನು, ಸ್ವಲ್ಪ ಬಿಡಿಸಿ ಬರೀತೀರಾ? ನಾವು ನಾಲ್ಕು ಜನ ಮುಂದಿನ ವರ್ಷ ಒಟ್ಟಿಗೆ ಕ್ಲಿನಿಕ್ ಹಾಕೋ ಯೋಚನೆಯಲ್ಲಿದ್ದೀವಿ. ಈಗ ವಾರ್ಡಿಂದ ಕರೆ ಬಂತು, ಬೆಳಿಗ್ಗೆ ನೋಡ್ತೀನಿ.